ಮೂರು ಗೋಡೆಯ ಆಚೆ

ಅನಂತನ ಕೈಯ ಶಂಖದಿಂದ ಸಾಲಿಗ್ರಾಮದ ಮೇಲೆ ಬೀಳುತ್ತಿದ್ದ ನೀರು ಫೋನಿನ ಪರದೆಯಲ್ಲಿ ನಡುವೆಯೇ ನಿಂತುಬಿಟ್ಟಿತು. ದೇವರಕೋಣೆಯಲ್ಲಿ ಮಡಿಯುಟ್ಟು ಕೂತಿದ್ದ ವನಮಾಲಮ್ಮ ಮುಗಿದ ಕೈ ಬಿಡದೆ ಕಾದರು. ನೀರು ಕೆಳಗಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅನಂತನೂ ಹೋದ, ದೇವರೂ ಹೋದರು.

“ಎಷ್ಟು ಸಲ ಹೇಳುದಮ್ಮ? ಹಾಲಿಗೆ ಬಂದು ಕೂತ್ಕೊ. ಅಲ್ಲಿ ಇಂಟರ್ನೆಟ್ ಚೆನ್ನಾಗುಂಟು,” ಎಂದ ಮಗ ಸುಧನ್ವ, ಹೊಸ್ತಿಲಾಚೆಯಿಂದ.

“ನಿಮ್ಮ ಚಪ್ಪಲಿಗಳ ಸಾಲಿನಲ್ಲಿ ಮಡಿ ಉಟ್ಟು ಕೂರುದಾ? ಬೇಡ ಮಾರಾಯ.”

ಗಂಡ ಮಧ್ವರಾಜರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಹೆಂಗಸರು ಸಾಲಿಗ್ರಾಮಕ್ಕೆ ಪೂಜೆ ಮಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಸುಧನ್ವನೋ ಮದುವೆ ಅಡುಗೆಗಳನ್ನು ವಹಿಸಿಕೊಂಡವನು. ಒಂದು ದಿನ ಗಾರ್ಡನ್ ರೀಚ್ ಆದರೆ ಇನ್ನೊಂದು ದಿನ ಹೊಳೆಯಾಚೆಯ ಹೌರಾ. ‘ನನ್ನ ಕೈಯಲ್ಲಿ ತಪ್ಪಿಹೋಗ್ತದೆ’ ಎಂದು ಅವನೇ ಒಪ್ಪಿಕೊಂಡಿದ್ದ. ಹಾಗಾಗಿ ಐದು ಸಾಲಿಗ್ರಾಮಗಳೂ ಉಡುಪಿಗೆ, ಮೈದುನ ಅನಂತನ ಮನೆಗೆ ಹೋದವು. ಮಧ್ವರಾಜರು ಅಭಿಷೇಕವಾದ ಮೇಲೆ ಒಂದೊಂದನ್ನೂ, ಮಿಂದ ಮಗುವಿನ ತಲೆ ಒರೆಸುವಂತೆ ಒರೆಸುತ್ತಿದ್ದರು. ಅನಂತ ಒರೆಸುತ್ತಾನೋ, ಒದ್ದೆಯಲ್ಲೇ ಸಂಪುಟಕ್ಕೆ ಹಾಕಿ ಮುಚ್ಚುತ್ತಾನೋ? ಕೇಳಿದರೆ ‘ಎಲ್ಲ ಸರಿ ಅತ್ತಿಗೆ’ ಎನ್ನುವನು. ಹಿಂದೆ ಹತ್ತನೆಯ ತರಗತಿಯಲ್ಲಿ ನಪಾಸಾದಾಗಲೂ ‘ಎಲ್ಲ ಸರಿ’ ಎಂದೇ ಹೇಳಿದವನು ಅವನು. ಕಣ್ಣಾರೆ ನೋಡೋಣವೆಂದರೆ ಅಷ್ಟರೊಳಗೆ ಚಿತ್ರ ನಿಲ್ಲುತ್ತಿತ್ತು. ರಾತ್ರಿ ಮಲಗಿದರೂ ಆ ಐದು ಒದ್ದೆ ಕಲ್ಲುಗಳೇ ವನಮಾಲಮ್ಮನ ಕಣ್ಣಮುಂದೆ.

ಅಂದು ಸಂಜೆ ಸುಧನ್ವ ಲೇಕ್ ಮಾರ್ಕೆಟ್ ಬಳಿ ರೂಟರ್ ಅಂಗಡಿ ಇಟ್ಟಿರುವ ಅಮಿತ್‌ನನ್ನು ಕರೆತಂದ. ಸುಧನ್ವನ ಮನಸ್ಸಿದ್ದದ್ದು ಎಂಟು ಆಂಟೆನಾ ಕೊಂಬಿನ ಒಂದು ದೊಡ್ಡ ರೂಟರಿನ ಮೇಲೆ. ಅಮಿತ್ ಫೋನು ಹಿಡಿದುಕೊಂಡು ಹಾಲಿನಿಂದ ದೇವರಕೋಣೆಯ ಬಾಗಿಲವರೆಗೂ ನಡೆದ. ಬಾಲಿಗಂಜಿನ ಆ ಹಳೆಯ ಮನೆಯ ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿ, ಹಿಂದಿಯಲ್ಲಿ ಹೇಳಿದ: “ಎಂಟಲ್ಲ ದಾದಾ, ಹದಿನಾರು ಕೊಂಬಿದ್ದರೂ ಇಂಥ ಮೂರು ಗೋಡೆ ದಾಟುವುದಿಲ್ಲ. ಜೋಡಿ ಪೆಟ್ಟಿಗೆಯದ್ದು ತಗೊಳ್ಳಿ. ಒಂದು ಹಾಲಿನಲ್ಲಿ, ಇನ್ನೊಂದು ಇಲ್ಲೇ ಹತ್ತಿರ. ನಡುವೆ ಒಂದು ವಯರು ಎಳೆದುಕೊಡುತ್ತೇನೆ. ಮನೆಯ ಯಾವ ಮೂಲೆಯೂ ಬಿಟ್ಟುಹೋಗುವುದಿಲ್ಲ.”

“ದೇವರಕೋಣೆಯ ಒಳಗೆ ಬೇಡ,” ಎಂದರು ವನಮಾಲಮ್ಮ. “ಅಡುಗೆಮನೆಗೂ ಬೇಡ. ಯಾರ್ಯಾರು ಮುಟ್ಟಿದ್ದೋ ಏನೋ.”

“ಅದನ್ನೆಲ್ಲ ನಾನು ನೋಡ್ಕೊಳ್ತೇನೆ,” ಎಂದ ಸುಧನ್ವ. ಅಮಿತ್ ವಯರು ಎಳೆದು ಹೋದ ಮೇಲೆ, ಅಮ್ಮನ ಮಡಿಗೆ ತಾಗದಿರಲೆಂದು ಎರಡನೆಯ ಪೆಟ್ಟಿಗೆಯನ್ನು ಪಕ್ಕದ ಉಗ್ರಾಣಕ್ಕೆ ಒಯ್ದು, ಮದುವೆ ಅಡುಗೆಯ ಕೊಪ್ಪರಿಗೆಗಳ ನಡುವೆ ಭದ್ರವಾಗಿ ಕೂರಿಸಿದ.

ಮಾರನೆಯ ಬೆಳಿಗ್ಗೆ ನೀರು ಮತ್ತೆ ನಡುವೆಯೇ ನಿಂತಿತು. ಪುನಃ ಬಂದ ಅಮಿತ್ ಉಗ್ರಾಣಕ್ಕೆ ಇಣುಕಿದವನೇ ನಗಲು ಶುರುಮಾಡಿದ. “ದೀಪ ಹಚ್ಚಿ ಮೇಲೆ ಹಂಡೆ ಕವುಚಿದ ಹಾಗಾಯಿತು ದಾದಾ. ಇಷ್ಟು ಲೋಹ ದಾಟಿ ಸಿಗ್ನಲ್ ಎಲ್ಲಿಂದ ಬರಬೇಕು?”

“ಕೊಪ್ಪರಿಗೆಯಲ್ಲಿ ಇಟ್ಟರೆ ಎಲ್ಲವೂ ಬೇಯ್ತದೆ ಅಂತ ಇವನ ಲೆಕ್ಕ,” ಎಂದರು ವನಮಾಲಮ್ಮ. ಸುಧನ್ವ ಪೆಟ್ಟಿಗೆಯನ್ನು ಕೊಪ್ಪರಿಗೆಗಳ ನಡುವಿನಿಂದ ಎತ್ತಿ ಹೊರತಂದ.

ಅಮಿತ್ ದೇವರಕೋಣೆಯ ಬಾಗಿಲ ಮೇಲ್ಗಡೆಗೆ ಬೆರಳು ಮಾಡಿ ವನಮಾಲಮ್ಮನನ್ನು ಕೇಳಿದ. “ಮಾಸಿಮಾ, ಇಲ್ಲಿಡಲೇ?”

ವನಮಾಲಮ್ಮ ತಲೆಯೆತ್ತಿ ಆ ಜಾಗವನ್ನು ನೋಡಿದರು. “ಹೊರಮೈಗೆ ಇಡಲಿ. ಪೆಟ್ಟಿಗೆ ಹೊರಗೇ ಇರ್ತದೆ. ಅದರಿಂದ ಬರುದು ಒಳಗೆ ಬಂದರೆ ಬರಲಿ. ಗಾಳಿಗೆ ಎಂತ ಮೈಲಿಗೆ?”

ಮೂರನೆಯ ಬೆಳಿಗ್ಗೆ ಶಂಖದ ನೀರು ಸಾಲಿಗ್ರಾಮದ ಮೇಲೆ ಬಿದ್ದು, ತಟ್ಟೆಗೆ ಇಳಿದು, ತುಂಬಿತು. ಅನಂತ ಒಂದು ಬಟ್ಟೆ ಬಿಡಿಸಿದ. ಅದರ ಕೆಂಪು ಅಂಚನ್ನು ವನಮಾಲಮ್ಮ ಗುರುತಿಸಿದರು. ಸಾಲಿಗ್ರಾಮ ಕಳಿಸುವ ದಿನ, ದಾರಿಯಲ್ಲಿ ಒಂದಕ್ಕೊಂದು ತಾಗದಿರಲೆಂದು ತಾವೇ ಸುತ್ತಿಕೊಟ್ಟ, ಮಧ್ವರಾಜರ ಪಂಚೆಯ ತುಂಡು ಅದು. ಅನಂತ ಒಂದೊಂದನ್ನೇ ಎತ್ತಿ, ತಿರುಗಿಸಿ ತಿರುಗಿಸಿ ಒರೆಸಿದ. ಎಲ್ಲಕ್ಕಿಂತ ಚಿಕ್ಕದನ್ನು ಕೊನೆಗೆ ಎತ್ತಿಕೊಂಡು, ಒರೆಸಿ, ಎರಡೂ ಕಣ್ಣಿಗೆ ಒತ್ತಿಕೊಂಡ. ಮಧ್ವರಾಜರೂ ಹಾಗೆಯೇ ಮಾಡುತ್ತಿದ್ದರು. ಅದನ್ನು ವನಮಾಲಮ್ಮ ಯಾರಿಗೂ ಹೇಳಿರಲಿಲ್ಲ.

ಅವರ ಭುಜಗಳು ಇಳಿದವು. ಮೆಲ್ಲಗೆ ಹಿಂದಕ್ಕೆ ಸರಿದು ಗೋಡೆಗೆ ಒರಗಿದರು. ಮಡಿಯಲ್ಲಿ ಕೂತಾಗ ಅವರು ಹಾಗೆ ಒರಗಿದ್ದನ್ನು ಸುಧನ್ವ ಕಂಡಿದ್ದೇ ಇಲ್ಲ.

ಮಂಗಳಾರತಿ ಮುಗಿಸಿ ಅನಂತ ಫೋನಿನ ಹತ್ತಿರ ಬಗ್ಗಿದ. “ಅತ್ತಿಗೆ, ಇವತ್ತು ಎಲ್ಲ ಕಂಡಿತಾ?”

“ಕಂಡಿತು ಅನಂತ.”

“ಇನ್ನು ದಿನಾ ಹೀಗೇ ಕಾಣ್ತದೆ ಚಿಕ್ಕಪ್ಪ,” ಎಂದ ಸುಧನ್ವ ಹೊಸ್ತಿಲಾಚೆಯಿಂದ, ಹೆಮ್ಮೆಯಿಂದಲೇ. “ಜೋಡಿ ಪೆಟ್ಟಿಗೆ ಹಾಕಿಸಿದ್ದೇನೆ.”

ವನಮಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಾಳೆಯಿಂದ ಫೋನ್ ಮಾಡುದು ಬೇಡ ಅನಂತ,” ಎಂದರು. “ದೇವರನ್ನು ನೋಡ್ಕೊಳ್ಳಿಕ್ಕೆ ನೀನು ಇದ್ದೀಯಲ್ಲ, ಗೊತ್ತಾಯಿತು.”