ಶರಣ ಟಾಕೀಸಿನ ಆಪರೇಟರ್ ಕೋಣೆ

"ಆಯಿ, ಕೀಲಿ ಕೊಡ್ರೀ. ನಿಮ್ಮ ಕಾಲಿಗಿ ಬೀಳ್ತೀನಿ."

ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದ ಸಾವಿತ್ರಿಬಾಯಿ ಅಲುಗಲಿಲ್ಲ. ಕೀಲಿ ಅವಳ ಸೊಂಟದಲ್ಲಿತ್ತು. ವಧು ಓಡಿಹೋಗದಂತೆ ಗಂಡಿನ ಕಡೆಯವರು ಕೂರಿಸಿದ ಮುದುಕಿ. ಬೆಳಗಿನಿಂದ ಎಲೆ ಅಡಿಕೆ ಜಗಿಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ವಿದ್ಯಾವತಿಗೆ ಮೈಯೆಲ್ಲ ಉರಿಯಿತು.

ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದವಳನ್ನು ಅಪ್ಪ ಹಾಸ್ಟೆಲಿನಿಂದ ಎಳೆದು ತಂದು ಕಮಲಾಪುರದ ಈ ಮದುವೆ ಹಾಲಿನ ಮೇಲಿನ ಕೋಣೆಯಲ್ಲಿ ಕೂಡಿಹಾಕಿದ್ದ. ಗಂಡು ಯಶವಂತ. ಮೊದಲ ಹೆಂಡತಿಯನ್ನು ಬಡಿದು ತವರಿಗೆ ಅಟ್ಟಿದವನು. ಅದು ಅಪ್ಪನಿಗೂ ಗೊತ್ತು! ವಿದ್ಯಾವತಿ ಅವನನ್ನು ಕಂಡದ್ದು ಒಂದೇ ಸಲ, ಅವನ ಮನೆಯವರನ್ನು ಅದೂ ಇಲ್ಲ.

ಗೋಡೆಯಲ್ಲಿ ಎರಡು ಚೌಕ ಕಿಂಡಿಗಳಿದ್ದವು. ಇಣುಕಿದಳು. ಕೆಳಗೆ ಯಶವಂತ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಅವನ ತಾಯಿಗೆಂದು ಹಾಕಿದ ಕುರ್ಚಿ ಖಾಲಿ ಬಿದ್ದಿತ್ತು.

"ಅಲ್ಲಿಂದನ ಪಿಚ್ಚರ್ ಬಿಡ್ತಿದ್ರು," ಎಂದಳು ಮುದುಕಿ. "ಇದು ಶರಣ ಟಾಕೀಸ್ ಇತ್ತು. ನಮ್ಮ ಮನಿಯವ್ರು ಇದ ಕೋಣ್ಯಾಗ ಆಪರೇಟರ್. ಮನಿಮನಿಗೆ ಟಿವಿ ಬಂತು, ಮಂದಿ ಬರೂದು ಬಿಟ್ರು. ಪರದೆ ಹೋತು, ಮದುವಿ ಹಂದರ ಬಂತು."

ಅಯ್ಯೋ, ಇಲ್ಲಿ ಜೀವ ಹೋಗುತ್ತಿದೆ, ಇವಳಿಗೆ ಟಾಕೀಸಿನ ಪುರಾಣ!

ಎಲೆಗೆ ಸುಣ್ಣ ಸವರುವಾಗ ಮುದುಕಿಯ ಸೆರಗು ಸರಿಯಿತು. ಮಣಿಕಟ್ಟಿನ ಸುತ್ತ ನೀಲಿಗಟ್ಟಿದ ಬೆರಳ ಗುರುತು. ಹೊಸದು.

"ಮನಿಯವ್ರು ಹೊಡದಾರೇನ್ರೀ?"

"ದೇವರಂಥ ಮನಷ್ಯಾ ಅವ್ರು. ಹೋಗಿ ಭಾಳ ವರ್ಷಾತು. ಇದ್ದಾಗ ಒಂದಿನಾನೂ ಕೈ ಎತ್ತಲಿಲ್ಲ." ಮುದುಕಿ ಸೆರಗು ಎಳೆದುಕೊಂಡಳು.

ಕೆಳಗೆ ವಾಜಂತ್ರಿ ಜೋರಾಯಿತು. "ಹುಡುಗಿನ್ನ ಕರಕೊಂಡು ಬರ್ರೀ!"

ಸಾವಿತ್ರಿಬಾಯಿ ಎದ್ದಳು. ಮೂಲೆಯಲ್ಲಿ ಒಟ್ಟಿದ್ದ ಗಾದಿಗಳನ್ನು ಒಂದೊಂದಾಗಿ ಎಳೆದು ಬಿಸಾಕಿದಳು. ಹಿಂದೆ ಒಂದು ಗಿಡ್ಡ ಬಾಗಿಲು. ಚಿಲಕಕ್ಕೆ ಆಗಲೇ ಎಣ್ಣೆ ಹಾಕಿತ್ತು.

"ರೀಲಿಗೆ ಬೆಂಕಿ ಹತ್ತಿದ್ರ ಓಡಾಕ ಅಂತ ಇಟ್ಟಿದ್ರು. ನಾ ಅವ್ರಿಗಿ ಬುತ್ತಿ ತರತಿದ್ದದ್ದು ಇಲ್ಲಿಂದನ. ಇಳಿ ತಂಗಿ, ರೋಡಿಗೆ ಕಲಬುರಗಿ ಬಸ್ಸು ಸಿಗ್ತದ."

"ನೀವೂ ಬರ್ರೀ, ಆಯಿ!"

"ನಾನೂ ಬಂದ್ರ ಆ ಬಾಗಲಾ ಹಿಡಿಯೋರು ಯಾರು?"

ಮುದುಕಿ ಅವಳನ್ನು ಹೊರಗೆ ನೂಕಿ ಒಳಗಿನಿಂದ ಚಿಲಕ ಹಾಕಿಕೊಂಡಳು. ವಿದ್ಯಾವತಿ ಎರಡು ಮೆಟ್ಟಿಲು ಇಳಿದಿರಬೇಕು, ಆ ಕಡೆಯ ಬಾಗಿಲಿಗೆ ಯಾರೋ ದಬದಬ ಒದೆಯತೊಡಗಿದರು. ಯಶವಂತನ ದನಿ.

"ಅವ್ವಾ, ಬಾಗಲಾ ತೆಗಿ! ಹಡದಾಕಿ ಅಂತನೂ ನೋಡಂಗಿಲ್ಲ, ಈ ಸಲ ಕೈ ಮುರದ ಬಿಡ್ತೀನಿ!"