‘ಇಲ್ಲ’ ಅನ್ನಬೇಕಾದ ಪ್ರಶ್ನೆ

ಮೂರನೇ ದಿನವೂ ರೋವೀನಾ ಟ್ಯಾಕೆಟ್ ಅದೇ ಕುರ್ಚಿಯಲ್ಲಿ ಕೂತಳು. ಪರೀಕ್ಷಕ ಹ್ಯಾಸ್ಕಿನ್ಸ್ ಅವಳ ಎದೆಗೆ ರಬ್ಬರ್ ಕೊಳವೆ ಸುತ್ತಿ, ತೋಳಿಗೆ ಪಟ್ಟಿ ಬಿಗಿದು, ಬೆರಳುಗಳಿಗೆ ತಂತಿ ಸಿಕ್ಕಿಸಿದರು. ಇವತ್ತೂ ಈ ಸುಳ್ಳು ಪತ್ತೆ ಯಂತ್ರ ಅವಳನ್ನು ಪಾಸು ಮಾಡದಿದ್ದರೆ ಸೇನೆಯ ಗುಪ್ತಚರ ವಿಭಾಗದ ಕೆಲಸ ಕೈತಪ್ಪಿದಂತೆಯೇ. ಎರಡು ವರ್ಷ ತಲೆ ಚಚ್ಚಿಕೊಂಡು ಕಲಿತ ರಷ್ಯನ್ ಭಾಷೆ ಮೂಲೆಗೆ ಬಿದ್ದು, ಟೆಕ್ಸಾಸಿನ ಯಾವುದೋ ಉಗ್ರಾಣದಲ್ಲಿ ಸೈನಿಕರಿಗೆ ಬೂಟು ಹಂಚಿಕೊಂಡು ಕೂರಬೇಕಾಗುತ್ತದೆ.

ಅವಳ ಅರ್ಜಿಯಲ್ಲಿ ಮುಚ್ಚಿಟ್ಟದ್ದೇನೂ ಇರಲಿಲ್ಲ. ಇದ್ದರೆ ತಾನೇ! ಕೆಂಟಕಿಯ ಗುಡ್ಡಗಾಡಿನ ಪಾದ್ರಿಯ ಮಗಳು. ಹದಿನಾರನೇ ವಯಸ್ಸಿನಲ್ಲಿ ಎರಡು ದಮ್ಮು ಗಾಂಜಾ ಎಳೆದದ್ದನ್ನು ಬರೆದದ್ದಲ್ಲದೆ, ಯಾರೂ ಕೇಳದಿದ್ದರೂ ಆಗ ಕೆಮ್ಮು ಬಂದದ್ದನ್ನೂ ಬರೆದಿದ್ದ ಪುಣ್ಯಾತ್ಗಿತ್ತಿ. ಸೇನೆ ಅದನ್ನು ಮನ್ನಿಸಿತ್ತು.

ತೊಡಕಾದದ್ದು ಒಂದೇ ಪ್ರಶ್ನೆಯಿಂದ. ನಿನ್ನನ್ನು ನಂಬಿದವರಿಗೆ ಎಂದಾದರೂ ಸುಳ್ಳು ಹೇಳಿದ್ದೀಯಾ? ಮೊದಲ ದಿನ ಹೌದೆಂದು, ಅಜ್ಜಿಯ ಪಿಂಗಾಣಿ ಬಟ್ಟಲು ಒಡೆದು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದರಿಂದ ಶುರುಮಾಡಿ ಏಳು ಸುಳ್ಳುಗಳನ್ನು ಒಪ್ಪಿಸಿದ್ದಳು. ಅವನ್ನು ಬಿಟ್ಟು ಬೇರೆ ಸುಳ್ಳು ಹೇಳಿದ್ದೀಯಾ ಎಂದು ಎರಡನೇ ದಿನ ಕೇಳಿದರೆ, ನೆನೆಸಿಕೊಂಡೆ ಸರ್, ಇನ್ನೂ ನಾಲ್ಕಿವೆ ಎಂದಿದ್ದಳು. ಎರಡು ದಿನವೂ ವರದಿಯಲ್ಲಿ ಬಂದದ್ದು ‘ತೀರ್ಮಾನಿಸಲಾಗದು’ ಎಂಬ ಒಂದೇ ಮಾತು.

ಹ್ಯಾಸ್ಕಿನ್ಸ್ ತಕ್ಷಣ ಯಂತ್ರ ಶುರು ಮಾಡಲಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದವರು, ಅದರ ಒಳಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಈ ಹುಡುಗಿಯನ್ನು ನೋಡಿ ಅವರಿಗೆ ಸಿಟ್ಟೂ ಬಂತು, ಕನಿಕರವೂ ಬಂತು.

“ನೋಡಮ್ಮ, ಅದು ‘ಇಲ್ಲ’ ಅನ್ನಬೇಕಾದ ಪ್ರಶ್ನೆ. ಎಲ್ರೂ ಇಲ್ಲ ಅಂತಾರೆ, ಎಲ್ರ ಎದೇನೂ ಒಂದ್ಸಲ ಡವ್ ಅನ್ನತ್ತೆ. ಆಮೇಲೆ, ಶತ್ರುಗಳಿಗೆ ಗುಟ್ಟು ಮಾರಿದ್ದೀಯಾ ಅಂತ ಕೇಳ್ತೀನಿ. ಅಲ್ಲಿ ಅಷ್ಟು ಹೊಡ್ಕೊಳ್ಳಲಿಲ್ಲ ಅಂದ್ರೆ ಪಾಸು. ನಿಂದು ಎಲ್ಲಾದಕ್ಕೂ ಒಂದೇ ಸಮ. ಯಾವುದನ್ನ ಯಾವುದಕ್ಕೆ ಹೋಲಿಸ್ಲಿ ನಾನು?”

“ಅಂದ್ರೆ ನಾನು ಸುಳ್ಳು ಹೇಳ್ಬೇಕಾ ಸರ್?”

“ನಾನು ಹಾಗಂದ್ನಾ?” ಎನ್ನುತ್ತ ಅವರು ಗುಂಡಿ ಒತ್ತಿದರು.

ಆ ಪ್ರಶ್ನೆ ಬಂತು. ರೋವೀನಾಳಿಗೆ ಟೆಕ್ಸಾಸಿನ ಉಗ್ರಾಣ ಕಣ್ಣಿಗೆ ಕಟ್ಟಿತು. ಇಲ್ಲ ಎಂದಳು. ಎದೆ ಬಾಯಿಗೆ ಬಂದಂತಾಯಿತು, ಅಂಗೈ ಬೆವೆತಿತು, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪರದೆಯ ಮೇಲಿನ ಗೆರೆ ಸರ್ರನೆ ಮೇಲೆದ್ದಿತು. ಶತ್ರುಗಳ ಕುರಿತ ಪ್ರಶ್ನೆಗೆ ಅದು ಅಲುಗಲೂ ಇಲ್ಲ. ಹ್ಯಾಸ್ಕಿನ್ಸ್ ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿ, ವರದಿಯಲ್ಲಿ ‘ಹೇಳಿದ್ದೆಲ್ಲ ಸತ್ಯ’ ಎಂದು ಬರೆದರು.

ತಂತಿಗಳನ್ನೆಲ್ಲ ಬಿಚ್ಚಿದ ಮೇಲೆ ಸಹಿಗಾಗಿ ಒಂದು ಕಾಗದ ಮುಂದಿಟ್ಟು, ಎಲ್ಲರನ್ನೂ ಕೊನೆಗೆ ಕೇಳುವ ಮಾತನ್ನು ಅವಳನ್ನೂ ಕೇಳಿದರು.

“ಇವತ್ತು ಈ ರೂಮಲ್ಲಿ ಯಾವ ಪ್ರಶ್ನೆಗಾದ್ರೂ ಸುಳ್ಳು ಹೇಳಿದ್ದೀಯಾ?”

“ಇಲ್ಲ ಸರ್,” ಎಂದು ರೋವೀನಾ ಸಹಿ ಹಾಕಿದಳು. ಈ ಸಲ ಅವಳ ಎದೆ ಒಂಚೂರೂ ಹೊಡೆದುಕೊಳ್ಳಲಿಲ್ಲ.