ಅಡುಗೆಮನೆ ದೇಶದ ಬಾವುಟ

ಸಾರಿಗೆ ಉಪ್ಪು ಕಮ್ಮಿ ಎಂದು ಅವನು ಬಾಯಿ ಬಿಟ್ಟಿದ್ದೇ ತಡ, ಅಡುಗೆಮನೆ ಸ್ವತಂತ್ರ ದೇಶವಾಗಿಬಿಟ್ಟಿತು.

"ಅಡುಗೆ ನನ್ನದು, ಬಟ್ಟೆ ಒಗೆಯೋದು ನಿಮ್ಮದು. ನಿಮ್ಮ ಒಗೆತಕ್ಕೆ ನಾನು ಯಾವತ್ತಾದರೂ ಹೆಸರಿಟ್ಟಿದ್ದೀನಾ?" ಎಂದ ಹೆಂಡತಿ, ಲಟ್ಟಣಿಗೆಗೆ ಮಸಿಬಟ್ಟೆ ಕಟ್ಟಿ ಬಾಗಿಲಲ್ಲಿ ಹಾರಿಸಿದಳು.

ಅವನಿಗೆ ನಗು ತಡೆಯಲಾಗಲಿಲ್ಲ. ಬಾವುಟಗಳೆಂದರೆ ಅವನಿಗೆ ಹುಚ್ಚು. ಜಪಾನಿನ ಸೂರ್ಯ, ಕೆನಡಾದ ಎಲೆ, ಒಳಗೆ ರೋಗವಿದೆ ಎಂದು ಹಿಂದೆ ಹಡಗುಗಳು ಏರಿಸುತ್ತಿದ್ದ ಹಳದಿ ಬಾವುಟ ಎಂದೆಲ್ಲ ಹೇಳಿ, ಮದುವೆಯಾದ ದಿನದಿಂದ ಅವಳ ತಲೆ ತಿಂದಿದ್ದ.

"ಬಾವುಟ ಅಂದಮೇಲೆ ಬಣ್ಣಕ್ಕೊಂದು ಅರ್ಥ ಇರಬೇಕು ಕಣೇ."

"ಇದೆ. ಕಪ್ಪು ನಾನು ಇಳಿಸಿದ ಪಾತ್ರೆಗಳದ್ದು, ಕೆಂಪು ನಾನು ಕುಟ್ಟಿದ ಖಾರದ್ದು. ಈ ತೂತು ನಿಮ್ಮ ಮಾತು ಸುಟ್ಟಿದ್ದು."

ಸಂಜೆ ಕಾಫಿಯ ಘಮ ಗಡಿ ದಾಟಿ ಬಂತು. ಅವನ ಪೌರುಷವೆಲ್ಲ ಇಳಿದುಹೋಯಿತು. ಮೈಮೇಲಿನ ಬನಿಯನ್ ಬಿಚ್ಚಿ, ಪೊರಕೆಯ ಹಿಡಿಗೆ ಸಿಕ್ಕಿಸಿ, ಬಾಗಿಲೊಳಗೆ ಚಾಚಿದ.

"ಸೋತೆ ಮಾರಾಯ್ತಿ. ಬಿಳಿ ಬಾವುಟ ಹಾರಿಸಿದ್ದೀನಿ, ಒಳಗೆ ಬಿಡು."

ಅವಳು ಬನಿಯನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಹಳದಿ ಕಣ್ರೀ. ರೋಗದ ಹಡಗನ್ನ ನಮ್ಮ ದೇಶ ದಡಕ್ಕೆ ಬಿಟ್ಟುಕೊಳ್ಳಲ್ಲ."